ಬ್ಯಾಂಕೇ ಮುಳುಗಿದ್ರೆ ನನ್ ದುಡ್ಡು ಏನಾಗ್ತದೆ ಅಂತ ಕೇಳಿದ ಅಜ್ಜ

ಮಾನ್ಯ ಸಂಪಾದಕರೇ,

ಪ್ರತಿ ವರ್ಷ ಫೆಬ್ರವರಿ 28ರ ರಾಷ್ಟ್ರೀಯ ವಿಜ್ಞಾನ ದಿನ ಬಂತು ಅಂದ್ರೆ ಸಾಕು, ನಿಮ್ಮ ಪೇಪರ್ ಸೇರಿ ಎಲ್ಲಾ ಕಡೆ ಸಿ.ವಿ. ರಾಮನ್ ಅವರ ಹಡಗಿನ ಕತೆ ಬರುತ್ತೆ. 1921ರಲ್ಲಿ ಇಂಗ್ಲೆಂಡಿಂದ ವಾಪಸ್ ಬರುವಾಗ ಸಮುದ್ರ ಯಾಕೆ ನೀಲಿ ಅಂತ ಸಣ್ಣ ಮಗು ಥರ ಯೋಚನೆ ಮಾಡಿದ್ರು, ಅದೇ ದಾರಿ ಹಿಡ್ಕೊಂಡು 1930ರ ನೊಬೆಲ್ ತನಕ ಹೋದ್ರು, ಹಾಗಾಗಿ ಮಕ್ಕಳೇ ಪ್ರಶ್ನೆ ಕೇಳಿ ಅಂತ. ಒಳ್ಳೇ ಮಾತೇ. ಆದ್ರೆ ನಾನು 31 ವರ್ಷ ಬ್ಯಾಂಕ್ ಕೌಂಟರ್ ಹಿಂದೆ ಕೂತವಳು, ಈ ಕತೆ ಓದಿದಾಗೆಲ್ಲ ನಂಗೆ ರಾಮನ್ ಬದಲು ಒಬ್ಬ ಅಜ್ಜ ನೆನಪಾಗ್ತಾರೆ.

ನಮ್ದು ತಿಪಟೂರು ಸೀಮೆ, ಸುಮಾರು 2000ದ ಆಸುಪಾಸು. ಕೊಬ್ಬರಿ ದುಡ್ಡು, ಜೊತೆಗೆ ಯಾವ್ದೋ ಜಮೀನು ಕೊಟ್ಟಿದ್ದು ಎಲ್ಲಾ ಸೇರಿ ಎರಡೂವರೆ ಲಕ್ಷ ಟವೆಲ್ಲಲ್ಲಿ ಸುತ್ಕೊಂಡು ಬಂದಿದ್ರು ಅಜ್ಜ, ಎಫ್‌ಡಿ ಮಾಡ್ಸೋಕೆ. ಫಾರಂ ಎಲ್ಲಾ ತುಂಬಿ ಹೆಬ್ಬೆಟ್ಟು ಒತ್ತೋಕೆ ಮುಂಚೆ ಪ್ಯಾಡ್ ಮೇಲೆ ಬೆರಳಿಟ್ಟು ಹಾಗೇ ನಿಂತ್ಕೊಂಡು, "ತಾಯಿ, ನಿಮ್ ಬ್ಯಾಂಕೇ ಮುಳುಗೋದ್ರೆ ನನ್ ದುಡ್ಡು ಏನಾಗ್ತದೆ?" ಅಂದ್ರು. ಇಡೀ ಬ್ರಾಂಚ್ ನಕ್ತು. ಮ್ಯಾನೇಜರ್ ಕ್ಯಾಬಿನ್ನಿಂದ ಎದ್ದು ಬಂದು ನಕ್ರು, ಪಾಸ್‌ಬುಕ್ ಎಂಟ್ರಿಗೆ ನಿಂತಿದ್ದ ಕಾಲೇಜು ಹುಡುಗ್ರೂ ನಕ್ರು, ನಾನಂತೂ "ಬ್ಯಾಂಕ್ ಎಲ್ಲಾದ್ರೂ ಮುಳುಗುತ್ತಾ ಅಜ್ಜ, ಅದೇನು ದೋಣಿನಾ, ಒತ್ತಿ ಬೇಗ" ಅಂದುಬಿಟ್ಟೆ. ಅಜ್ಜನೂ ನಕ್ಕು ಒತ್ತಿದ್ರು.

ಈಗ ನಿಜ ಹೇಳ್ತೀನಿ. ಆ ಪ್ರಶ್ನೆಗೆ ಉತ್ತರ ನಂಗೂ ಸರಿಯಾಗಿ ಗೊತ್ತಿರ್ಲಿಲ್ಲ. ನಕ್ಕಿದ್ದು ಅದಕ್ಕೇ. ಬ್ಯಾಂಕ್ ಮುಳುಗಿದ್ರೆ ದುಡ್ಡು ಇಟ್ಟವರಿಗೆ ಒಂದು ಮಿತಿ ತನಕ ವಾಪಸ್ ಕೊಡೋ ಡಿಪಾಸಿಟ್ ಇನ್ಶೂರೆನ್ಸ್ ಅಂತ ಎಲ್ಲೋ ಇದೆ ಅನ್ನೋದು ಗೊತ್ತಿತ್ತು, ಎಷ್ಟಕ್ಕೆ, ಬಡ್ಡಿನೂ ಸೇರುತ್ತಾ, ಎರಡು ಬ್ರಾಂಚಲ್ಲಿ ಇಟ್ರೆ ಹೇಗೆ, ಇದೆಲ್ಲ ಕೇಳಿದ್ರೆ ತಡವರಿಸ್ತಿದ್ದೆ. ಆಗ ಇದ್ದ ಮಿತಿ ಬರೀ 1 ಲಕ್ಷ, 1993ರಿಂದ ಹಾಗೇ ಇತ್ತು. ಅಂದ್ರೆ ಅಜ್ಜನ ದುಡ್ಡಲ್ಲಿ ಒಂದೂವರೆ ಲಕ್ಷಕ್ಕೆ ಯಾವ ವಿಮೆನೂ ಇರ್ಲಿಲ್ಲ. ಅವತ್ತು ಆ ಬ್ರಾಂಚಲ್ಲಿ ತಲೆ ಉಪಯೋಗಿಸಿದವರು ಅವರೊಬ್ರೇ.

2020ರ ಜನವರಿಲಿ ಬೆಂಗಳೂರಿನ ಒಂದು ಸಹಕಾರಿ ಬ್ಯಾಂಕಿಗೆ ಆರ್‌ಬಿಐ ನಿರ್ಬಂಧ ಹಾಕಿ ಖಾತೆಯಿಂದ 35 ಸಾವಿರದ ಮೇಲೆ ತೆಗೆಯೋ ಹಾಗಿಲ್ಲ ಅಂದಾಗ ಟಿವಿಲಿ ವಯಸ್ಸಾದವರು ಅಳ್ತಾ ನಿಂತಿದ್ದು ನೋಡಿದ್ರಲ್ಲ, ಅವರೆಲ್ಲ ಅಜ್ಜನ ಪ್ರಶ್ನೆನ ಮೊದಲೇ ಕೇಳಿದ್ದಿದ್ರೆ? ಅದಾಗಿ ಸ್ವಲ್ಪ ದಿನಕ್ಕೇ, ಫೆಬ್ರವರಿಲಿ, ವಿಮೆ ಮಿತಿ 5 ಲಕ್ಷ ಆಯ್ತು. ಒಬ್ಬರಿಗೆ ಒಂದು ಬ್ಯಾಂಕಲ್ಲಿ, ಎಲ್ಲಾ ಬ್ರಾಂಚೂ ಸೇರಿ, ಅಸಲು ಬಡ್ಡಿ ಎರಡೂ ಸೇರಿ 5 ಲಕ್ಷ. 2021ರಲ್ಲಿ ಕಾನೂನು ತಿದ್ದುಪಡಿ ಆಗಿ ಈ ಥರ ನಿರ್ಬಂಧ ಬಿದ್ದ ಬ್ಯಾಂಕಿನವರಿಗೆ ವಿಮೆ ದುಡ್ಡು 90 ದಿನದೊಳಗೆ ಸಿಗೋ ಹಾಗೂ ಆಯ್ತು.

ಆದ್ರೆ ಕೇಳಿ ಕೇಳಿ ಅಂತ ಸುಮ್ನೆ ಉಪದೇಶ ಮಾಡೋರ ಮೇಲೂ ನಂಗೆ ಸಿಟ್ಟಿದೆ. ಕೇಳೋದ್ರಲ್ಲಿ ಅಪಾಯನೂ ಇದೆ, ಅದು ಬರೀ ನಾಲ್ಕು ಜನ ನಗ್ತಾರೆ ಅನ್ನೋದಲ್ಲ. ರಾಮನ್ ಕೇಳಿದಾಗ ಅವರ ಹತ್ರ ನಿಕೋಲ್ ಪ್ರಿಸಮ್ ಅನ್ನೋ ಒಂದು ಹರಳಿನ ಸಾಧನ ಇತ್ತು. ಆಕಾಶದ ಬಣ್ಣ ನೀರಲ್ಲಿ ಪ್ರತಿಬಿಂಬ ಆಗುತ್ತೆ ಅಷ್ಟೇ ಅಂತ ರೇಲಿ ಅಂಥಾ ದೊಡ್ಡ ವಿಜ್ಞಾನಿ ಹೇಳಿದ್ರೂ, ಇವರು ಪ್ರಿಸಮ್ ಹಿಡಿದು ಆ ಪ್ರತಿಫಲನನ ತಡೆದು ನೋಡಿದ್ರು, ಆಮೇಲೂ ಸಮುದ್ರ ನೀಲಿಯಾಗೇ ಕಾಣ್ತು. ಹೇಳಿದ ಉತ್ತರ ಸರಿನಾ ತಪ್ಪಾ ಅಂತ ಪರೀಕ್ಷೆ ಮಾಡೋ ಸಾಮಾನು ಕೈಯಲ್ಲೇ ಇತ್ತು. ಅಜ್ಜನ ಜೇಬಲ್ಲಿ ಬೀಡಿ ಕಟ್ಟು ಬಿಟ್ರೆ ಏನಿತ್ತು? ನಾನು ನಕ್ಕಿದ್ದೇ ಉತ್ತರ ಅಂದ್ಕೊಂಡು ಹೋದ್ರು.

ಆಮೇಲೆ ಆಮೇಲೆ ನಮಗೆ ಬ್ಯಾಂಕಲ್ಲೇ ಇಷ್ಟು ಇನ್ಶೂರೆನ್ಸ್ ಪಾಲಿಸಿ ಮಾರ್ಬೇಕು ಅಂತ ಟಾರ್ಗೆಟ್ ಶುರುವಾಯ್ತು, ಆಗ ಇದು ಇನ್ನೂ ಕೆಟ್ಟದಾಯ್ತು. ಗಂಡ ತೀರ್ಕೊಂಡು ಬಂದ ದುಡ್ಡು ಇಡೋಕೆ ಬಂದ ಒಬ್ಬ ಹೆಣ್ಮಗಳು ಪಕ್ಕದ ಟೇಬಲಲ್ಲಿ "ಇದು ಎಫ್‌ಡಿ ತಾನೇ ಸರ್?" ಅಂತ ಕೇಳಿದ್ಲು. "ಹ್ಞೂ ಅದೇ ಥರ, ಅದಕ್ಕಿಂತ ಜಾಸ್ತಿ ಬರುತ್ತೆ" ಅಂತ ಉತ್ತರ ಬಂತು. ಮುಂದಿನ ವರ್ಷ ಪ್ರೀಮಿಯಂ ಕಟ್ಟಿ ಅಂತ ಮೆಸೇಜ್ ಬಂದಾಗ್ಲೇ ಪಾಪ ಅವಳಿಗೆ ಗೊತ್ತಾಗಿದ್ದು ಅದು ಪಾಲಿಸಿ ಅಂತ. ಅವಳು ಕೇಳ್ಲಿಲ್ಲ ಅಂತ ಯಾರೂ ಅನ್ನೋ ಹಾಗಿಲ್ಲ. ಕೇಳಿದ್ಲು, ಆದ್ರೆ ಕೇಳಿದ್ದು ಮಾರೋನನ್ನೇ. ಮತ್ತೆ ಆ "ತಾನೇ" ಇದೆಯಲ್ಲ, ಅದು ಉತ್ತರನ ನಾವೇ ಬಡಿಸಿಕೊಟ್ಟ ಹಾಗೆ, ಎದುರಿಗಿರೋನು ಹ್ಞೂ ಅಂದ್ರೆ ಮುಗೀತು. "ಎಷ್ಟು ವರ್ಷ ಕಟ್ಬೇಕು, ಮಧ್ಯ ಬೇಕಂದ್ರೆ ಎಷ್ಟು ಬರುತ್ತೆ, ಈ ಚೀಟಿ ಮೇಲೆ ಬರೆದು ಸೈನ್ ಹಾಕಿ ಕೊಡಿ" ಅಂದಿದ್ರೆ ಬೆವರ್ತಿದ್ದ. ನಾನು ಪಕ್ಕದಲ್ಲೇ ಇದ್ದೆ, ಬಾಯಿ ಬಿಡ್ಲಿಲ್ಲ, ಅದೂ ಹೇಳ್ಬೇಕಲ್ಲ. (ಈಗ ಪಾಲಿಸಿ ಕೈಗೆ ಬಂದ 30 ದಿನದೊಳಗೆ ಬೇಡ ಅಂತ ವಾಪಸ್ ಕೊಡ್ಬಹುದು, 2024ರಲ್ಲಿ ಬಂದ ರೂಲು. ಎಷ್ಟು ಜನಕ್ಕೆ ಗೊತ್ತಿದೆಯೋ.)

ಮೊಬೈಲ್ ಕಾಲದಲ್ಲಿ ಪೆದ್ದು ಪ್ರಶ್ನೆ ಕೇಳೋದು ಅಂದ್ರೆ ಮನೆ ಬೀಗ ಹಾಕಿಲ್ಲ ಅಂತ ಬೀದಿಲಿ ಕೂಗಿ ಹೇಳಿದ ಹಾಗೆ ಆಗ್ಬಿಟ್ಟಿದೆ. ನಮ್ಮ ಬೀದಿಯ ರಿಟೈರ್ಡ್ ಮೇಷ್ಟ್ರು ಒಬ್ರು ಪಾರ್ಸೆಲ್ ಬಂದಿಲ್ಲ ಅಂತ ಗೂಗಲಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಿ ಫೋನ್ ಮಾಡಿದ್ರು, ಅದು ಕಳ್ಳರ ನಂಬರ್. "ರಿಫಂಡ್ ಬರೋಕೆ ಪಿನ್ ಹಾಕ್ಬೇಕಾ ಸರ್?" ಅಂತ ಅವನನ್ನೇ ಕೇಳಿದ್ದಾರೆ ನೋಡಿ! ಎಂಥಾ ಒಳ್ಳೇ ಪ್ರಶ್ನೆ, ದುಡ್ಡು ಬರೋಕೆ ಯಾವತ್ತೂ ಪಿನ್ ಬೇಡ, ಹೋಗೋಕೆ ಮಾತ್ರ ಬೇಕು, ಇದನ್ನ ಮನೆ ಮೊಮ್ಮಗಳನ್ನ ಕೇಳಿದ್ರೂ ಹೇಳ್ತಿದ್ಲು. ಮೊಮ್ಮಗಳನ್ನ ಯಾಕೆ ಕೇಳ್ಲಿಲ್ಲ ಮೇಷ್ಟ್ರೇ ಅಂದ್ರೆ, "ಅಷ್ಟೂ ಗೊತ್ತಾಗಲ್ವಾ ತಾತ ಅಂತ ಆಡ್ಕೋತಾಳಮ್ಮ" ಅಂದ್ರು. 46 ಸಾವಿರ ಹೋಯ್ತು. ಸೈಬರ್ ವಂಚನೆ ದೂರು ಕೊಡೋ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ದೂ ಮಾರನೇ ದಿನ ಮಧ್ಯಾಹ್ನ, ಅದೂ ನಾಚಿಕೆಗೇ, ಅಷ್ಟೊತ್ತಿಗೆ ದುಡ್ಡು ಎಲ್ಲೆಲ್ಲಿಗೋ ಹೋಗಿತ್ತು.

ನಂಗೆ ಈ ಮೊಮ್ಮಗಳ ಮಾತೇ ಜಾಸ್ತಿ ಕಾಡೋದು. ಮನೆಯವರು ನಗ್ತಾರೆ, ಬ್ಯಾಂಕಲ್ಲಿ ರೇಗ್ತಾರೆ, ಕಳ್ಳ ಒಬ್ಬನೇ "ಹೇಳಿ ಸರ್, ನಿಧಾನವಾಗಿ ಕೇಳಿ ಸರ್" ಅಂತ ಮರ್ಯಾದೆ ಕೊಡೋದು. ಇನ್ನು ಜನ ಎಲ್ಲಿಗೆ ಹೋಗಿ ಕೇಳ್ಬೇಕು? ಕೌಂಟರಲ್ಲಿ ಕೂತವರ ಕಷ್ಟನೂ ಗೊತ್ತು, ಹಿಂದೆ ಇಪ್ಪತ್ತು ಜನ ಕ್ಯೂ, ಸರ್ವರ್ ಸ್ಲೋ, ಮೇಲಿಂದ ಫೋನು. ಆದ್ರೂ "ನಂಗೂ ಗೊತ್ತಿಲ್ಲ, ಕೇಳಿ ಹೇಳ್ತೀನಿ, ಸೋಮವಾರ ಬನ್ನಿ" ಅನ್ನೋಕೆ ಹತ್ತು ಸೆಕೆಂಡ್ ಸಾಕು. 31 ವರ್ಷದಲ್ಲಿ ನಾನು ಆ ಮಾತು ಎಷ್ಟು ಸಲ ಹೇಳಿರಬಹುದು ಅಂತ ಲೆಕ್ಕ ಹಾಕಿದ್ರೆ ಒಂದು ಕೈ ಬೆರಳೇ ಜಾಸ್ತಿ.

ಕೊನೆಗೆ ಸಂಪಾದಕರೇ, ನಿಮಗೂ ನಂದೊಂದು ಪ್ರಶ್ನೆ. ಕ್ರೆಡಿಟ್ ಸೊಸೈಟಿಗಳ ಡಿಪಾಸಿಟ್ ಜಾಹೀರಾತು ಪೇಪರ್‌ಗಳಲ್ಲಿ ಬರ್ತಾನೇ ಇರುತ್ತೆ, ಬಡ್ಡಿ ಬ್ಯಾಂಕಿಗಿಂತ ಜಾಸ್ತಿ, ಹಿರಿಯ ನಾಗರಿಕರಿಗೆ ಇನ್ನೂ ಜಾಸ್ತಿ ಅಂತ ದಪ್ಪಕ್ಷರದಲ್ಲಿ. ಪತ್ತಿನ ಸಹಕಾರ ಸಂಘಗಳ ಡಿಪಾಸಿಟ್ಟಿಗೆ ಆ 5 ಲಕ್ಷದ ವಿಮೆ ಅನ್ವಯ ಆಗಲ್ಲ, ಅದು ಬ್ಯಾಂಕ್‌ಗಳಿಗೆ ಮಾತ್ರ. ಅಂಥ ಜಾಹೀರಾತು ತಗೊಳ್ಳುವಾಗ ನಿಮ್ಮ ಆಫೀಸಲ್ಲಿ ಯಾರಾದ್ರೂ "ಇದು ಮುಳುಗಿದ್ರೆ ನಮ್ಮ ಓದುಗರ ದುಡ್ಡು ಏನಾಗುತ್ತೆ" ಅಂತ ಕೇಳ್ತಾರಾ?

ಇತಿ,
ನಿವೃತ್ತ ಬ್ಯಾಂಕ್ ಉದ್ಯೋಗಿ, ತಿಪಟೂರು