ಹೊಗಳಿಕೆಯಲ್ಲಿ ಅಡಗಿರುವ ಪೂರ್ವಗ್ರಹ

ಸಂಪಾದಕರಿಗೆ,

ಮಾನ್ಯರೇ,

ಜಪಾನಿನ ಬಗ್ಗೆ ನಮ್ಮ ಪತ್ರಿಕೆಗಳಲ್ಲಿ, ಶಾಲಾ ವಾರ್ಷಿಕೋತ್ಸವದ ಭಾಷಣಗಳಲ್ಲಿ ಮತ್ತು ಈಚೆಗಂತೂ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಕಾಣುವ ಬರಹಗಳಿಗೆಲ್ಲ ಒಂದೇ ಧಾಟಿ ಇರುತ್ತದೆ. ವಿಶ್ವಕಪ್ ಫುಟ್‌ಬಾಲ್ ಪಂದ್ಯ ಮುಗಿದ ಮೇಲೆ ಜಪಾನಿ ಪ್ರೇಕ್ಷಕರು ಕ್ರೀಡಾಂಗಣದ ಕಸ ಹೆಕ್ಕಿದರು. 2017ರಲ್ಲಿ ಟೋಕಿಯೊ ಸಮೀಪದ ನಿಲ್ದಾಣವೊಂದರಿಂದ ರೈಲು 20 ಸೆಕೆಂಡು ಮೊದಲೇ ಹೊರಟದ್ದಕ್ಕೆ ಕಂಪನಿ ಬಹಿರಂಗವಾಗಿ ಕ್ಷಮೆ ಕೇಳಿತು. ಎರಡೂ ನಿಜವೇ. ಆದರೆ ಶಿಸ್ತು ಅವರ ರಕ್ತದಲ್ಲೇ ಇದೆ, ನಮ್ಮ ರಕ್ತದಲ್ಲಿ ಇಲ್ಲ ಎಂದು ಇಂಥ ಸುದ್ದಿಗಳಿಗೆ ತಗುಲಿಸುವ ತೀರ್ಮಾನಕ್ಕೆ ಯಾವ ಆಧಾರವೂ ಇಲ್ಲ. ಒಂದು ದೇಶದ ಜನರನ್ನು ಹಳಿದಾಗ ಮಾತ್ರ ಅದನ್ನು ಪೂರ್ವಗ್ರಹ ಎನ್ನುವ ನಾವು, ಹೊಗಳಿದಾಗ ತಲೆದೂಗಿ ಸುಮ್ಮನಾಗುತ್ತೇವೆ.

ರಕ್ತದ ಮಾತು ಎಷ್ಟು ಪೊಳ್ಳೆಂಬುದಕ್ಕೆ ಜಪಾನಿನ ಚರಿತ್ರೆಯೇ ಸಾಕ್ಷಿ. 1850ರ ದಶಕದ ಕೊನೆಯಲ್ಲಿ ನಾಗಸಾಕಿಯಲ್ಲಿ ನೌಕಾ ತರಬೇತಿ ನೀಡಲು ಬಂದಿದ್ದ ಡಚ್ ಅಧಿಕಾರಿ ಕಾಟೆಂಡೈಕ್, ಅಲ್ಲಿಯ ಜನರಿಗೆ ಹೊತ್ತಿನ ಪರಿವೆ ಇಲ್ಲವೆಂದು ಬೇಸತ್ತು ಬರೆದಿದ್ದಾರೆ. ಜಪಾನಿನಲ್ಲಿ ಬಹುಕಾಲ ಇದ್ದ ಅಮೆರಿಕದ ಪಾದ್ರಿ ಸಿಡ್ನಿ ಗ್ಯುಲಿಕ್ 1903ರಲ್ಲೂ, ಜಪಾನಿಯರಲ್ಲಿ ಅನೇಕರು ಸೋಮಾರಿಗಳಂತೆ, ಕಾಲ ಸರಿಯುವುದನ್ನು ಲೆಕ್ಕಕ್ಕೇ ಇಡದವರಂತೆ ಕಾಣುತ್ತಾರೆ ಎಂದರು. ಇದೇ ಬಗೆಯ ಮಾತನ್ನು ಬ್ರಿಟಿಷರು ನಮ್ಮ ಬಗ್ಗೆ ಬರೆದದ್ದನ್ನು ಓದಿ ನಾವು ಸಿಟ್ಟಾಗುತ್ತೇವಲ್ಲವೇ? 1872ರಲ್ಲಿ ಮೊದಲ ರೈಲು ಮಾರ್ಗ ತೆರೆದು, 1873ರಿಂದ ಹೊಸ ಕ್ಯಾಲೆಂಡರ್ ಜಾರಿಗೆ ಬಂದು, ಶಾಲೆ, ಕಾರ್ಖಾನೆ ಮತ್ತು ಸೈನ್ಯಗಳು ಎರಡು ತಲೆಮಾರು ಗಂಟೆ ಬಾರಿಸಿದ ನಂತರವೂ ಸಮಯಪಾಲನೆಯನ್ನು ಬೋಧಿಸುವ ಅಗತ್ಯ ಮುಗಿದಿರಲಿಲ್ಲ. 1920ರಿಂದ ಜೂನ್ 10ನ್ನು ಅದಕ್ಕೆಂದೇ ‘ಸಮಯದ ದಿನ’ವಾಗಿ ಆಚರಿಸಲು ತೊಡಗಿದರು. ಹುಟ್ಟಿನಿಂದಲೇ ಬಂದ ಗುಣಕ್ಕೆ ದಿನಾಚರಣೆ ಬೇಕಾಗುತ್ತಿರಲಿಲ್ಲ.

ಶುಚಿತ್ವದ ಕಥೆಯೂ ಬೇರೆಯಲ್ಲ. 1964ರ ಒಲಿಂಪಿಕ್ಸ್‌ಗೆ ಮುಂಚೆ ಟೋಕಿಯೊದ ನದಿಗಳು ನಾರುತ್ತಿದ್ದವು, ಬೀದಿಗಳನ್ನು ಚೊಕ್ಕಟ ಮಾಡಲು ದೊಡ್ಡ ಅಭಿಯಾನವೇ ನಡೆಯಬೇಕಾಯಿತು. ದಕ್ಷಿಣ ಜಪಾನಿನ ಕಡಲತೀರದ ಊರಾದ ಮಿನಮಾಟದಲ್ಲಿ ಚಿಸ್ಸೊ ಎಂಬ ರಾಸಾಯನಿಕ ಕಂಪನಿ ಸಮುದ್ರಕ್ಕೆ ಬಿಟ್ಟ ಪಾದರಸ ಮೀನಿನ ಮೂಲಕ ಜನರ ದೇಹ ಸೇರಿ ನರಗಳ ಕಾಯಿಲೆ ತಂದಿತು; ಆ ಕಾಯಿಲೆ 1956ರಲ್ಲಿ ಅಧಿಕೃತವಾಗಿ ಪತ್ತೆಯಾಯಿತು. ಅದಕ್ಕೆ ಕಾರ್ಖಾನೆಯೇ ಕಾರಣವೆಂದು ಒಪ್ಪಿಕೊಳ್ಳಲು ಸರ್ಕಾರ 1968ರವರೆಗೆ ಸಮಯ ತೆಗೆದುಕೊಂಡಿತು. ಜನ ಬೀದಿಗಿಳಿದರು, ರೋಗಿಗಳು ನ್ಯಾಯಾಲಯಕ್ಕೆ ಹೋದರು, ಕೊನೆಗೆ 1970ರ ಸಂಸತ್ ಅಧಿವೇಶನ ಮಾಲಿನ್ಯದ ವಿರುದ್ಧ ಒಟ್ಟಿಗೆ 14 ಕಾಯ್ದೆಗಳನ್ನು ಅಂಗೀಕರಿಸಿತು. ಮರುವರ್ಷ ಟೋಕಿಯೊದ ಗವರ್ನರ್ ‘ಕಸದ ಯುದ್ಧ’ವನ್ನೇ ಘೋಷಿಸಬೇಕಾಯಿತು. ಇಂದು ನಾವು ಮೆಚ್ಚುವ ಬೀದಿಗಳ ಹಿಂದೆ ಇರುವುದು ಈ ಜಗಳ, ಈ ಕಾನೂನು, ಈ ತೆರಿಗೆ ಹಣ. ಅದನ್ನೆಲ್ಲ ‘ಜಪಾನಿಯರ ಸ್ವಭಾವ’ ಎಂದು ಒಂದೇ ಮಾತಿನಲ್ಲಿ ಮುಗಿಸಿದರೆ ಮಿನಮಾಟದ ಮೀನುಗಾರರಿಗೆ ಸಲ್ಲಬೇಕಾದ ಗೌರವವನ್ನೂ ಕಿತ್ತುಕೊಂಡಂತೆ. ನಮ್ಮ ನಗರಸಭೆಗಳಿಗಂತೂ ಇದಕ್ಕಿಂತ ಅನುಕೂಲವಾದ ನೆಪ ಬೇರೆ ಸಿಗಲಾರದು.

ಮೆಚ್ಚುಗೆಯ ಭರದಲ್ಲಿ ಕಾಣದೆ ಹೋಗುವುದು ಇನ್ನೂ ಇದೆ. 2005ರ ಏಪ್ರಿಲ್ 25ರಂದು ಒಸಾಕಾ ಬಳಿಯ ಅಮಗಸಾಕಿಯಲ್ಲಿ ರೈಲು ಹಳಿ ತಪ್ಪಿ ಕಟ್ಟಡಕ್ಕೆ ಅಪ್ಪಳಿಸಿ, ಚಾಲಕನೂ ಸೇರಿ 107 ಜನ ಸತ್ತರು. ಸುಮಾರು ಒಂದೂವರೆ ನಿಮಿಷದ ವಿಳಂಬವನ್ನು ಸರಿದೂಗಿಸಲು ಆ ಯುವಕ ತಿರುವಿನಲ್ಲಿ ಮಿತಿಮೀರಿದ ವೇಗದಲ್ಲಿ ಓಡಿಸಿದ್ದ. ತಡ ಮಾಡಿದ ಚಾಲಕರನ್ನು ಅವಮಾನಿಸುವಂತಿದ್ದ ಕಂಪನಿಯ ‘ಮರುತರಬೇತಿ’ಯ ಭಯ ಅದರ ಹಿಂದಿತ್ತು ಎಂಬುದು ಆಮೇಲೆ ದೊಡ್ಡ ಚರ್ಚೆಯಾಯಿತು. 20 ಸೆಕೆಂಡಿನ ಕ್ಷಮಾಪಣೆಯನ್ನು ಹಂಚುವವರು ಇದನ್ನೂ ಜೊತೆಗೇ ಹೇಳಿದರೆ ಜಪಾನ್ ಚಿಕ್ಕದಾಗುವುದಿಲ್ಲ, ನಮ್ಮಂತೆಯೇ ಮನುಷ್ಯರಿರುವ ದೇಶವಾಗಿ ಕಾಣುತ್ತದೆ.

ಪರದೇಶವನ್ನು ಸರಿಯಾಗಿ ನೋಡುವ ಮಾದರಿ ನಮ್ಮಲ್ಲೇ ಇತ್ತು. ಗ್ಯುಲಿಕ್ ಬರೆಯುವುದಕ್ಕೆ ಐದು ವರ್ಷ ಮುಂಚೆ, 1898ರಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ಜಪಾನ್ ಪ್ರವಾಸ ಮಾಡಿದ್ದರು. ಅವರು ಅಲ್ಲಿ ಗಮನಿಸಿದ್ದು ಶಿಕ್ಷಣವನ್ನು, ಕೈಗಾರಿಕೆಯನ್ನು, ಅಂದರೆ ಬೇರೆಡೆಯೂ ಕಟ್ಟಬಹುದಾದ ಸಂಸ್ಥೆಗಳನ್ನು. 1912ರಲ್ಲಿ ಅವರು ದಿವಾನರಾದ ಮೇಲೆ ಮೈಸೂರಿನಲ್ಲಿ 1913ಕ್ಕೆ ಬ್ಯಾಂಕ್, 1916ಕ್ಕೆ ವಿಶ್ವವಿದ್ಯಾಲಯ ಬಂದವು. ಜಪಾನಿಯರ ಏಳಿಗೆಗೆ ಅವರ ಹುಟ್ಟುಗುಣವೇ ಕಾರಣವೆಂದು ನಂಬಿದ್ದರೆ ದಿವಾನರಿಗೆ ಅಲ್ಲಿಂದ ಕಲಿತು ಬರುವುದಕ್ಕೆ ಏನೂ ಇರುತ್ತಿರಲಿಲ್ಲ.

ಹೊಗಳಿಕೆಯಿಂದ ಯಾರಿಗೇನು ನಷ್ಟ ಎನ್ನುವವರು ಬೆಂಗಳೂರಿನಲ್ಲಿ 2016ರ ಜನವರಿ 31ರಂದು ನಡೆದದ್ದನ್ನು ನೆನೆಯಬೇಕು. ಹೆಸರಘಟ್ಟ ರಸ್ತೆಯ ಕಡೆ ಸುಡಾನಿನ ವಿದ್ಯಾರ್ಥಿಯೊಬ್ಬನ ಕಾರು ಹರಿದು ಮಹಿಳೆಯೊಬ್ಬರು ಸತ್ತರು; ರೊಚ್ಚಿಗೆದ್ದ ಗುಂಪು, ಆ ಅಪಘಾತಕ್ಕೆ ಯಾವ ಸಂಬಂಧವೂ ಇಲ್ಲದೆ ನಂತರ ಅಲ್ಲಿಗೆ ಬಂದ ತಾಂಜಾನಿಯದ ವಿದ್ಯಾರ್ಥಿನಿಯ ಮೇಲೆ ಹಲ್ಲೆ ಮಾಡಿತು. ಒಂದು ಜನಾಂಗದ ಒಳ್ಳೆಯತನ ರಕ್ತದಲ್ಲಿದೆ ಎಂದು ಒಪ್ಪಿದ ಮನಸ್ಸಿಗೆ ಇನ್ನೊಂದರ ಕೆಟ್ಟತನವೂ ರಕ್ತದಲ್ಲಿದೆ ಎನ್ನಿಸಲು ಹೆಚ್ಚು ಹೊತ್ತು ಬೇಡ.

ಆದ್ದರಿಂದ ತಮ್ಮಲ್ಲಿ ಎರಡು ವಿನಂತಿ. ಜಪಾನಿನ ಬಗ್ಗೆ ಮುಂದೆ ಲೇಖನ ಪ್ರಕಟಿಸುವಾಗ, ಅಲ್ಲಿಯ ಪುರಸಭೆಗಳು ಕಸವನ್ನು ಹೇಗೆ ವಿಂಗಡಿಸಿ ಒಯ್ಯುತ್ತವೆ, ಅದಕ್ಕೆ ಹಣ ಎಲ್ಲಿಂದ ಬರುತ್ತದೆ, ತಪ್ಪಿದವರನ್ನು ಕೇಳುವವರು ಯಾರು ಎಂಬುದನ್ನು ವಿವರವಾಗಿ ಬರೆಸಿ. ಜೊತೆಗೆ, ಅಪರಾಧ ಸುದ್ದಿಯಲ್ಲಷ್ಟೇ ನಮ್ಮ ಕಣ್ಣಿಗೆ ಬೀಳುವ ಆಫ್ರಿಕಾದ ದೇಶಗಳಿಗೂ ಒಳಪುಟಗಳಲ್ಲಿ ಜಾಗ ಕೊಡಿ. ಕೀನ್ಯಾದ ಹಳ್ಳಿಗರು ಸಾಧಾರಣ ಮೊಬೈಲಿನಿಂದಲೇ ಹಣ ಕಳಿಸುವ ಎಂ-ಪೆಸಾ ಸೇವೆ ಶುರುವಾದದ್ದು 2007ರಲ್ಲಿ, ನಮ್ಮ ಯುಪಿಐಗಿಂತ ಒಂಬತ್ತು ವರ್ಷ ಮೊದಲು. ಆ ಲೇಖನದಿಂದಲೇ ಆರಂಭಿಸಬಹುದು.

ಇಂತಿ,
ನಿಮ್ಮ ಓದುಗ, ಮೈಸೂರು