ಫೋಟೊದಲ್ಲಿ ಕೇಳಿಸದ ಗದ್ದಲ

ಸಂಪಾದಕರಿಗೆ,

ಮಾನ್ಯರೆ,

ಮುಂಬಯಿಯ ಹೊಸ ರೆಸ್ಟೋರೆಂಟ್‌ಗಳ ಒಳಾಂಗಣವನ್ನು ಹೊಗಳುವ ಚಿತ್ರಲೇಖನಗಳು ಈಚೆಗೆ ಮೇಲಿಂದ ಮೇಲೆ ಬರುತ್ತಿವೆ. ಬಾಂದ್ರಾ, ಕಾಲಾ ಘೋಡಾ, ಲೋವರ್ ಪರೇಲ್ ಕಡೆ ಒಳ್ಳೆಯ ಕೆಲಸಗಳಾಗಿವೆ, ಅದರಲ್ಲಿ ತಕರಾರಿಲ್ಲ. ಆದರೆ ಆ ಫೋಟೊಗಳನ್ನು ಮೊಬೈಲಿನಲ್ಲಿ ತೋರಿಸಿ ‘ನಮಗೂ ಹೀಗೇ ಮಾಡಿಕೊಡಿ’ ಎನ್ನುವವರಲ್ಲಿ ನಮ್ಮ ಉಡುಪಿ ಹೋಟೆಲುಗಳ ಎರಡನೆಯ, ಮೂರನೆಯ ತಲೆಮಾರಿನವರು ಬಹಳ. ಅಪ್ಪ ಹಾಕಿಸಿದ ಸನ್ಮೈಕಾ ಕಿತ್ತು, ಪ್ಲಾಸ್ಟರ್ ಕೆತ್ತಿ ಇಟ್ಟಿಗೆ ತೋರಿಸುವ ಮೊದಲು ಅವರು ಕೆಲವು ಲೆಕ್ಕ ಹಾಕಿಕೊಳ್ಳಲಿ ಎಂದು ಈ ಪತ್ರ.

ಫೋಟೊದಲ್ಲಿ ಸದ್ದು ಕಾಣುವುದಿಲ್ಲ. ಹೊಸ ಫ್ಯಾಷನ್ ಅಂದರೆ ಬರಿ ಇಟ್ಟಿಗೆ, ಪಾಲಿಶ್ ಮಾಡಿದ ಕಾಂಕ್ರೀಟ್, ಎತ್ತರದ ಗಾಜು, ಪಿಒಪಿ ಸೀಲಿಂಗ್ ಕಿತ್ತು ಪೈಪುಗಳನ್ನು ಬಿಟ್ಟಂತೆಯೇ ತೋರಿಸುವುದು. ಈ ಮೈಗಳೆಲ್ಲ ತಮ್ಮ ಮೇಲೆ ಬಿದ್ದ ಸದ್ದಿನಲ್ಲಿ ನೂರಕ್ಕೆ ಎರಡು ಮೂರು ಪಾಲು ಮಾತ್ರ ಹೀರುತ್ತವೆ, ಉಳಿದದ್ದು ವಾಪಸು. ಪಕ್ಕದ ಮೇಜಿನ ಮಾತು ಜೋರಾದರೆ ನಾವು ದನಿ ಏರಿಸುತ್ತೇವೆ, ನಮ್ಮದನ್ನು ಕೇಳಿ ಅವರು ಇನ್ನಷ್ಟು ಏರಿಸುತ್ತಾರೆ. ಒಂದು ಮೀಟರ್ ದೂರದಲ್ಲಿ 60 ಡೆಸಿಬಲ್ ಇರುವ ಮಾಮೂಲಿ ಮಾತು, ಕೋಣೆ ತುಂಬಿದಾಗ 80 ದಾಟುವುದು ಹೀಗೆ. ಅದರ ಮೇಲೆ ಮ್ಯಾನೇಜರು ‘ಹಾಡು ಕೇಳಿಸುತ್ತಿಲ್ಲ’ ಎಂದು ಸ್ಪೀಕರ್ ಏರಿಸುತ್ತಾನೆ.

ಲೆಕ್ಕ ಕಷ್ಟದ್ದಲ್ಲ. ಸೇಬಿನ್ ಸೂತ್ರದ ಪ್ರಕಾರ ಕೋಣೆಯ ಘನ ಅಳತೆಯನ್ನು 0.161ರಿಂದ ಗುಣಿಸಿ, ಸದ್ದು ಹೀರುವ ಒಟ್ಟು ಮೈಯಿಂದ (ಪೂರ್ತಿ ಹೀರುವ ಮೈ ಎಷ್ಟು ಚದರ ಮೀಟರಿಗೆ ಸಮ ಎಂಬ ಲೆಕ್ಕ) ಭಾಗಿಸಿದರೆ ಸದ್ದು ಅಡಗಲು ಎಷ್ಟು ಸೆಕೆಂಡು ಬೇಕೆಂದು ಸಿಗುತ್ತದೆ. 10 ಮೀಟರ್ ಉದ್ದ, 8 ಮೀಟರ್ ಅಗಲ, 3.5 ಮೀಟರ್ ಎತ್ತರದ ಹಾಲ್ 280 ಘನ ಮೀಟರ್. ಎಲ್ಲವೂ ಗಟ್ಟಿ ಮೈಯಾದರೆ, 60 ಗಿರಾಕಿಗಳ ಮೈ, ಬಟ್ಟೆ, ಕುರ್ಚಿ ಸೇರಿದರೂ ಹೀರುವ ಮೈ 30 ಚದರ ಮೀಟರ್ ಆಸುಪಾಸು. ಉತ್ತರ 1.5 ಸೆಕೆಂಡು. ಊಟದ ಕೋಣೆಗೆ 0.7ರಿಂದ 0.8 ಸಾಕು. ಅಂದರೆ ಇನ್ನೂ 30 ಚದರ ಮೀಟರ್ ಹೀರಿಕೆ ಬೇಕು, ಅದಕ್ಕೆ 50 ಮಿ.ಮೀ. ದಪ್ಪದ, ಕಲ್ಲಿನ ನಾರಿನ ರಾಕ್‌ವುಲ್ ಪ್ಯಾನೆಲ್ ಸುಮಾರು 35 ಚದರ ಮೀಟರ್. ಸೀಲಿಂಗಿನ ಅರ್ಧವೂ ಆಗಲಿಲ್ಲ. ಪೈಪುಗಳ ನಡುವೆ ತೂಗುಬಿಟ್ಟು ಕಪ್ಪು ಬಟ್ಟೆ ಹೊದಿಸಿದರೆ ಡಿಸೈನರಿಗೂ ಬೇಸರವಿಲ್ಲ. ಗೋಡೆಗೊಂದು ತೆಳ್ಳಗಿನ ಫೆಲ್ಟ್ ಅಂಟಿಸಿ ಕೈ ತೊಳೆದುಕೊಳ್ಳುವುದರಿಂದ ಪ್ರಯೋಜನವಿಲ್ಲ, ಅದು ಕೀಚಲು ಸದ್ದನ್ನಷ್ಟೇ ತಗ್ಗಿಸುತ್ತದೆ, ಗಂಟಲಿನ ದಪ್ಪ ದನಿ ಹಾಗೇ ಉಳಿಯುತ್ತದೆ. ಮೊಟ್ಟೆ ಟ್ರೇ ಆಕಾರದ ಅಗ್ಗದ ಫೋಮ್ ಅಂತೂ ಬೇಡವೇ ಬೇಡ. ಹೊತ್ತಿಕೊಂಡರೆ ನಿಮಿಷಗಳಲ್ಲಿ ವಿಷದ ಹೊಗೆ ಕಾರುತ್ತದೆ.

ಮೇಜು, ಕುರ್ಚಿ. ಊಟದ ಮೇಜು 750 ಮಿ.ಮೀ., ಕೂರುವ ಮಟ್ಟ 450. ನಡುವಿನ ಆ ಒಂದಡಿ ಅಂತರ ಕೆಟ್ಟರೆ ಸಾಂಬಾರು ಅಂಗಿಯ ಮೇಲೆ. ಸೋಫಾದಲ್ಲಿ ಆಗುವ ತಪ್ಪು ಇದೇ: ನಕ್ಷೆಯಲ್ಲಿ 450 ಇರುತ್ತದೆ, ಮೆತ್ತನೆಯ ಫೋಮ್ ಕೂತಾಗ 50 ಮಿ.ಮೀ. ತಗ್ಗುತ್ತದೆ, ಆರು ತಿಂಗಳಲ್ಲಿ ಇನ್ನೂ ತಗ್ಗುತ್ತದೆ. 40 ಡೆನ್ಸಿಟಿಯ (ಘನ ಮೀಟರಿಗೆ 40 ಕಿಲೊ ತೂಗುವ) ಫೋಮ್ ಎಂದು ಬರೆಸಿಕೊಳ್ಳಿ, ಕೂತು ನೋಡಿ, ಆಮೇಲೆ ಅಳೆಯಿರಿ. ತಟ್ಟೆ ಹಿಡಿದ ಸಪ್ಲಾಯರ್ ಓಡಾಡುವ ದಾರಿ 900 ಮಿ.ಮೀ.ಗಿಂತ ಕಡಿಮೆಯಾದರೆ ಆತ ಅಡ್ಡ ನಡೆಯುತ್ತಾನೆ, ಬಟ್ಟಲು ಉರುಳುತ್ತದೆ.

ಇರಾನಿ ಕೆಫೆಯ ಅಮೃತಶಿಲೆ ಮೇಜನ್ನು ಎಲ್ಲರೂ ನಕಲು ಮಾಡುತ್ತಿದ್ದಾರೆ. 1904ರಿಂದ ಇರುವ ಕಯಾನಿಯಂಥ ಕಡೆ ಅದಕ್ಕೆ ಅರ್ಥವಿದೆ, ಚಹಾ, ಬನ್ ಮಸ್ಕಾ ಒರೆಸಿದರೆ ಮುಗಿಯಿತು. ನಮ್ಮದು ರಸಂ, ನಿಂಬೆ, ಹುಣಸೆ. ಹುಳಿ ತಾಗಿದ ಅಮೃತಶಿಲೆ ಹೊಳಪು ಕಳೆದುಕೊಂಡು ಬಿಳಿ ಉಂಗುರ ಹಿಡಿಯುತ್ತದೆ. ಅದು ಕಲೆಯಲ್ಲ, ಕಲ್ಲೇ ಸವೆದದ್ದು, ಉಜ್ಜಿದರೆ ಹೋಗುವುದಿಲ್ಲ. ಹಿರಿಯರು ಗ್ರಾನೈಟ್ ಹಾಕಿಸಿದ್ದು ರುಚಿ ಇಲ್ಲದೆ ಅಲ್ಲ. ಬಣ್ಣದ ಸಿಮೆಂಟ್ ಟೈಲ್ಸಿಗೂ ಇದೇ ಮಾತು. 1922ರಿಂದ ಮುಂಬಯಿಯ ಭಾರತ್ ಟೈಲ್ಸ್ ಮಾಡುತ್ತಿರುವ ಆ ಟೈಲ್ಸಿಗೆ ಸಾಟಿಯಿಲ್ಲ, ಆದರೆ ಸಿಮೆಂಟು ಹುಳಿಗೂ ಅರಿಸಿನಕ್ಕೂ ಬಾಯ್ದೆರೆದೇ ಇರುತ್ತದೆ. ಸಂದುಗಳಿಗೆ ಗ್ರೌಟ್ ತುಂಬುವ ಮೊದಲು ಒಮ್ಮೆ, ಒಣಗಿದ ಮೇಲೆ ಇನ್ನೊಮ್ಮೆ ಸೀಲರ್ ಹಚ್ಚಬೇಕು. ಮೊದಲಿನದನ್ನು ಮೇಸ್ತ್ರಿ ಬಿಟ್ಟರೆ ಕಪ್ಪು ಗ್ರೌಟಿನ ಬಣ್ಣ ಟೈಲ್ಸಿನೊಳಗೆ ಇಳಿದು ಮೊದಲ ದಿನವೇ ನೆಲ ಹಳತಾಗಿ ಕಾಣುತ್ತದೆ.

ದೀಪ ಹಳದಿ ಛಾಯೆಯ 2700ರಿಂದ 3000 ಕೆಲ್ವಿನ್ ಇರಲಿ, ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆಂಬ ಅಂಕ, ಸಿಆರ್‌ಐ, 90ಕ್ಕೆ ಕಡಿಮೆ ಬೇಡ. ಬಿಳಿ ಟ್ಯೂಬಿನ 6500 ಕೆಲ್ವಿನ್‌ನಲ್ಲಿ ಒಳ್ಳೆಯ ಸಾಂಬಾರೂ ನಿನ್ನೆಯದರಂತೆ ಕಾಣುತ್ತದೆ. ತೂಗುದೀಪವನ್ನು ಮೇಜಿನಿಂದ 750–800 ಮಿ.ಮೀ. ಮೇಲೆ ಇಳಿಬಿಡಿ. ಅದರಲ್ಲಿ ಬರಿ ಫಿಲಮೆಂಟ್ ಬಲ್ಬು ಹಾಕಿದರೆ ನೇರ ಕಣ್ಣಿಗೆ ಹೊಡೆಯುತ್ತದೆ, ಮುಚ್ಚಳವಿರುವ ಶೇಡ್ ಬೇಕು.

ನಮ್ಮ ಮಳೆಗಾಲವನ್ನು ದಿಲ್ಲಿಯಿಂದ ಬರುವ ಡಿಸೈನರುಗಳು ಮರೆಯುತ್ತಾರೆ. ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆ ನೀರು ಕುಡಿದು ಊದುತ್ತದೆ. ಸಿಂಕ್ ಹತ್ತಿರ, ನೆಲಕ್ಕೆ ತಾಗುವ ಕಡೆ ಐಎಸ್ 710 ಗುರುತಿನ ಮರೀನ್ ಪ್ಲೈ ಹಾಕಿಸಿ. ಬೆತ್ತದ ಕುರ್ಚಿ ಜುಲೈನಲ್ಲಿ ಬೂಷ್ಟು ಹಿಡಿಯುತ್ತದೆ.

ಇನ್ನು ಬೆಂಕಿ. 2017ರ ಡಿಸೆಂಬರ್ 29ರ ನಡುರಾತ್ರಿ ಲೋವರ್ ಪರೇಲಿನ ಕಮಲಾ ಮಿಲ್ಸ್ ಆವರಣದ ಮಾಳಿಗೆ ಮೇಲಿನ ಪಬ್‌ಗಳಿಗೆ ಬೆಂಕಿ ಬಿದ್ದು 14 ಮಂದಿ ಸತ್ತರು. ಹೆಚ್ಚಿನವರನ್ನು ಕೊಂದದ್ದು ಹೊಗೆ, ಶೌಚಾಲಯಕ್ಕೆ ಓಡಿದವರಿಗೆ ಅಲ್ಲಿಂದ ಮುಂದೆ ದಾರಿ ಇರಲಿಲ್ಲ. ಪ್ಲಾಸ್ಟಿಕ್ ಎಲೆಗಳ ಹಸಿರು ಗೋಡೆ, ಸೀಲಿಂಗಿಗೆ ಕಟ್ಟಿದ ಬಟ್ಟೆ, ಬಿದಿರಿನ ತಟ್ಟಿ ಎಲ್ಲವೂ ಅಡುಗೆಮನೆಯ ಎಣ್ಣೆಹೊಗೆಯನ್ನು ಕುಡಿದು ಕೂತಿರುತ್ತವೆ. ಓಪನ್ ಕಿಚನ್ ಇದ್ದರಂತೂ ಕೇಳುವುದೇ ಬೇಡ. ಕಾವಲಿಯ ಮೇಲೆ ಹೊಗೆ ಎಳೆಯುವ ಹುಡ್ ಪ್ರತಿ ಬದಿಗೂ 150 ಮಿ.ಮೀ. ಹೊರಚಾಚಿರಲಿ, ಹೊರದೂಡುವ ಗಾಳಿಯಲ್ಲಿ ನೂರಕ್ಕೆ ಸುಮಾರು 80 ಪಾಲನ್ನು ಹೊರಗಿನಿಂದಲೇ ತುಂಬಿಸುವ ಫ್ಯಾನ್ ಇರಲಿ. ಇಲ್ಲದಿದ್ದರೆ ಅಡುಗೆಮನೆ ನಿಮ್ಮ ಎ.ಸಿ. ಗಾಳಿಯನ್ನೇ ಎಳೆದುಕೊಳ್ಳುತ್ತದೆ, ಕರೆಂಟ್ ಬಿಲ್ಲು ನೋಡಿದಾಗ ಗೊತ್ತಾಗುತ್ತದೆ. ಎಣ್ಣೆಯ ಬೆಂಕಿಗೆ ಕೆ ವರ್ಗದ ಸಿಲಿಂಡರ್ ಬೇರೆಯೇ ಬೇಕು, ನೀರು ಸುರಿದರೆ ಎಣ್ಣೆ ಸಿಡಿಯುತ್ತದೆ. ಮಹಾರಾಷ್ಟ್ರದ 2006ರ ಅಗ್ನಿ ಸುರಕ್ಷಾ ಕಾಯಿದೆಯಂತೆ ಜನವರಿ, ಜುಲೈ ಎರಡೂ ತಿಂಗಳು, ಬೆಂಕಿ ನಂದಿಸುವ ವ್ಯವಸ್ಥೆ ಸುಸ್ಥಿತಿಯಲ್ಲಿದೆ ಎನ್ನುವ ಫಾರ್ಮ್ ‘ಬಿ’ ಸಲ್ಲಿಸಬೇಕು. ಅದನ್ನು ಏಜೆಂಟನ ಕಾಗದದ ಕೆಲಸವೆಂದು ಬಿಡಬೇಡಿ, ಜೊತೆಗೆ ನಿಂತು ಪಂಪ್ ಓಡಿಸಿ ನೋಡಿ.

ಮುಂಬಾಗಿಲಲ್ಲದೆ, ಬೆಂಕಿ ಬಿದ್ದಾಗ ಓಡಲು ಇರುವ ಹೊರದಾರಿಯ ಬಾಗಿಲು ಕಿರಿದಾಗಬಾರದು, ಹೊರಕ್ಕೇ ತೆರೆಯಬೇಕು. ಡಿಸೈನರುಗಳಿಗೆ ಈ ಎರಡನೆಯ ಬಾಗಿಲು ಕಣ್ಣಿಗೆ ಚುಚ್ಚುತ್ತದೆ. ಗೋಡೆಯ ಬಣ್ಣವನ್ನೇ ಬಳಿದು ಮರೆಸುತ್ತಾರೆ, ಮುಂದೊಂದು ಕುಂಡ ಇಡುತ್ತಾರೆ, ಹೋಟೆಲಿನವರು ಅದರಾಚೆ ಈರುಳ್ಳಿ ಮೂಟೆ ಒಟ್ಟುತ್ತಾರೆ. ಗುತ್ತಿಗೆದಾರರಿಗೆ ಕೊನೆಯ ಕಂತು ಕೊಡುವ ಮೊದಲು ಒಂದು ರಾತ್ರಿ ಮೇನ್ ಸ್ವಿಚ್ ಆರಿಸಿ, ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗನೊಬ್ಬನನ್ನು ಹಾಲಿನ ನಡುವೆ ನಿಲ್ಲಿಸಿ ಆ ಬಾಗಿಲು ಹುಡುಕಲು ಹೇಳಿ.

– ಹೋಟೆಲ್ ಒಳಾಂಗಣದ ಕೆಲಸದಲ್ಲಿರುವ ಕೆಲವು ಕನ್ನಡಿಗರು, ಮಾಟುಂಗಾ, ಮುಂಬಯಿ