ಭರ್ಜಿಯವರನ್ನು ಒಂಟಿಯಾಗಿ ಕಳಿಸಬೇಡಿ

ಏಜ್ ಆಫ್ ಎಂಪೈರ್ಸ್ 2 ಅನ್ನೋ ಕಂಪ್ಯೂಟರ್ ಯುದ್ಧದಾಟ ಆಡುವವರೇ, ಒಂದು ಮಾತು. ನಿನ್ನೆಯ ಆಟದಲ್ಲಿ ನಮ್ಮ ಸ್ಪಿಯರ್‌ಮನ್‌ಗಳು (ಭರ್ಜಿಯವರು) ಒಬ್ಬರೇ ಮುಂದೆ ಓಡಿ, ಎದುರಾಳಿ ಬಿಲ್ಲುಗಾರರ ಬಾಣಕ್ಕೆ ಸುಮ್ನೆ ಸತ್ತರು. ತಪ್ಪು ನಂದೂ ಇದೆ ಬಿಡಿ.

ಭರ್ಜಿಯವರ ಕೆಲಸ ಕಾವಲು. ಒಬ್ಬನನ್ನು ತಯಾರಿಸಲು 35 ಆಹಾರ, 25 ಮರ ಸಾಕು, ಚಿನ್ನ ಬೇಡವೇ ಬೇಡ. ಎದುರಿನ ನೈಟ್‌ಗೆ (ಕುದುರೆ ಸವಾರ) 60 ಆಹಾರ, 75 ಚಿನ್ನ. ಲೆಕ್ಕ ನೀವೇ ಹಾಕಿ! ಕುದುರೆ ಸವಾರರ ಮೇಲೆ ಇವರ ಏಟು ಜೋರು: ಮೇಲ್ದರ್ಜೆಗೇರಿ ಪೈಕ್‌ಮನ್ ಆದರೆ 22 ಜಾಸ್ತಿ, ಅದಕ್ಕೂ ಮೇಲಿನ ಹಾಲ್ಬರ್ಡಿಯರ್ ಆದರೆ 32.

ಹಾಗಾಗಿ ಮ್ಯಾಂಗನಲ್ (ಕಲ್ಲೆಸೆಯುವ ಯಂತ್ರ), ಕ್ರಾಸ್‌ಬೋ ಬಿಲ್ಲುಗಾರರ ಪಕ್ಕದಲ್ಲೇ ಇವರನ್ನು ನಿಲ್ಲಿಸಿ, ದೂರ ಬೆನ್ನಟ್ಟದ ‘ಡಿಫೆನ್ಸಿವ್’ ನಿಲುವಿನಲ್ಲಿ ಇಡಿ. ನೈಟ್ ನುಗ್ಗಿದಾಗ ಹೊಡೆಯಲಿ. ಓಡಿಹೋದರೆ ಬೆನ್ನಟ್ಟಬೇಡಿ, ಕುದುರೆ ಸಿಗುತ್ತಾ? ಸ್ಕ್ವೈರ್ಸ್ ಅನ್ನೋ ಸುಧಾರಣೆ ಮಾಡಿಸಿದರೆ ಕಾಲಾಳುಗಳ ನಡಿಗೆ ಸ್ವಲ್ಪ ಚುರುಕಾಗುತ್ತದೆ, ಅದನ್ನು ಮರೆಯಬೇಡಿ.